ಲೋಳೆ ತೊಟ್ಟಿಗೆ ಆಯುಧಪೂಜೆ

ನಾನು ಹುಟ್ಟಿದ್ದು ಪೀಣ್ಯದ ಪಕ್ಕದ ಹಳ್ಳಿಯಲ್ಲಿ. ನಾವು ಪೀಣ್ಯದ ಪಕ್ಕದಲ್ಲಿಲ್ಲ, ಪೀಣ್ಯವೇ ನಮ್ಮ ಪಕ್ಕಕ್ಕೆ ಬಂದದ್ದು ಎಂದು ಅಮ್ಮ ಇವತ್ತಿಗೂ ವಾದಿಸುತ್ತಾಳೆ. ರಾಗಿ ಬೆಳೆಯುತ್ತಿದ್ದ ನಮ್ಮ ಹೊಲದಲ್ಲಿ ಈಗ ಸಾಲು ಮನೆಗಳಿವೆ, ಅವುಗಳ ತುಂಬ ಬಾಡಿಗೆಯವರಿದ್ದಾರೆ, ಅವರೆಲ್ಲರ ಮೇಲೆ ಅಮ್ಮನ ದರ್ಬಾರು. ಬಾಡಿಗೆ ಎಣಿಸಿಕೊಂಡು ಹಾಯಾಗಿರಬಹುದಾಗಿದ್ದ ಮಗಳು ಸೂಕ್ಷ್ಮಜೀವಿಗಳ ವಿಷಯ ಓದಿ, ನಿಕ್ಕಲ್ ಪ್ಲೇಟಿಂಗ್ ಮಾಡುವ ಕಾರ್ಖಾನೆಯ ಕೊಳಕು ನೀರು ನೋಡಿಕೊಳ್ಳಲು ಸೇರಿದ್ದು ಅವಳಿಗೆ ಇನ್ನೂ ಅರಗಿಲ್ಲ. ಮಗಳು ಏನು ಕೆಲಸದಲ್ಲಿದ್ದಾಳೆ ಎಂದು ಯಾರಾದರೂ ಕೇಳಿದರೆ ಒಂದೇ ಉತ್ತರ. "ಊರ್ನೋರೆಲ್ಲಾ ಹುಳ ಸಾಯ್ಸಕ್ಕೆ ಕಾಸು ಕೊಡ್ತಾರೆ. ನನ್ ಮಗ್ಳು ಹುಳ ಸಾಕಿ ಸಂಬ್ಳ ತಗೋತಾಳೆ."

ಹುಳ ಅಲ್ಲಮ್ಮ, ಬ್ಯಾಕ್ಟೀರಿಯಾ, ಕಣ್ಣಿಗೇ ಕಾಣಿಸುವುದಿಲ್ಲ ಎಂದು ಎಷ್ಟು ಸಲ ತಿದ್ದಿದರೂ ಅಷ್ಟೇ. ಕಣ್ಣಿಗೆ ಕಾಣಿಸದ್ದನ್ನು ಸಾಕುವುದಕ್ಕೆ ಸಂಬಳ ಕೊಡುವ ಯಜಮಾನ ಎಂಥ ಪುಣ್ಯಾತ್ಮನಿರಬೇಕು ಎಂದು ಇನ್ನೊಂದು ಮಾತು ಸೇರಿಸುತ್ತಾಳೆ. ನನಗೆ ಮೂಗಿನ ತುದಿಯಲ್ಲೇ ಕೋಪ. ಅದು ಬಂದದ್ದೂ ಅವಳಿಂದಲೇ. ಹಾಗಾಗಿ ನಮ್ಮಿಬ್ಬರ ಚರ್ಚೆ ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತದೆ.

ಕಾರ್ಖಾನೆ ಎಂದರೆ ದೊಡ್ಡದೇನೂ ಅಲ್ಲ. ಒಳರಸ್ತೆಯಲ್ಲಿ ಒಂದು ತಗಡಿನ ಶೆಡ್ಡು, ಅದರೊಳಗೇ ಕಬ್ಬಿಣದ ಮೆಟ್ಟಿಲು ಹತ್ತಿದರೆ ಯಜಮಾನರ ಆಫೀಸು. ಬೀಗ, ನಲ್ಲಿ, ಬಾಗಿಲ ಹಿಡಿ, ಬೈಕಿನ ಬಿಡಿಭಾಗ, ಏನೇ ಬರಲಿ, ಅದನ್ನು ಉಜ್ಜಿ, ಕೊಕ್ಕೆಗೆ ತೂಗುಹಾಕಿ, ಹಸಿರು ಬಣ್ಣದ ನಿಕ್ಕಲ್ ದ್ರಾವಣದಲ್ಲಿ ಅದ್ದಿ ಕರೆಂಟು ಕೊಟ್ಟರೆ ಥಳಥಳ ಹೊಳೆಯುತ್ತಾ ಮೇಲೆ ಬರುತ್ತದೆ. ಹೊಳಪು ಗಿರಾಕಿಗೆ ಹೋಗುತ್ತದೆ, ಅದನ್ನು ತೊಳೆದ ನೀರು ನನ್ನ ಪಾಲಿಗೆ ಬರುತ್ತದೆ. ಆ ನೀರಿನಲ್ಲಿ ನಿಕ್ಕಲ್ ಕರಗಿರುತ್ತದೆ. ಮೈಗೆ ತಾಗಿದರೆ ಕೆಲವರಿಗೆ ತುರಿಕೆ ಎದ್ದು ವಾರಗಟ್ಟಲೆ ಇಳಿಯುವುದಿಲ್ಲ; ಮೋರಿಗೆ ಬಿಟ್ಟರೆ ಕೆರೆ ಸೇರಿ, ಅಲ್ಲಿಂದ ಯಾರದೋ ಬೋರ್‌ವೆಲ್ಲಿಗೆ ಇಳಿಯುತ್ತದೆ. ಸುಣ್ಣ ಹಾಕಿದರೆ ಬಹುಪಾಲು ತಳಕ್ಕೆ ಕೂರುತ್ತದೆ. ಕೊನೆಯ ಒಂದಿಷ್ಟು ಮಾತ್ರ ಜಪ್ಪಯ್ಯ ಎಂದರೂ ಕೂರುವುದಿಲ್ಲ. ನೀರು ನೋಡಲು ತಿಳಿಯಾಗಿರುತ್ತದೆ, ಪರೀಕ್ಷೆಗೆ ಕಳಿಸಿದರೆ ಫೇಲು.

ಆ ವರ್ಷ ಬೇಸಿಗೆಯಲ್ಲಿ ಹಾಗೇ ಫೇಲಾಯಿತು. ಮಾಲಿನ್ಯ ತಪಾಸಣೆಗೆ ಬಂದಿದ್ದವರು ದೀಪಾವಳಿ ಕಳೆದ ಮೇಲೆ ಇನ್ನೊಮ್ಮೆ ಬರುತ್ತೇವೆ, ಆಗಲೂ ಹೀಗೇ ಇದ್ದರೆ ನಿಕ್ಕಲ್ ಕೆಲಸ ಬಂದ್ ಮಾಡಬೇಕಾಗುತ್ತದೆ ಎಂದು ಮರ್ಯಾದೆಯಾಗಿಯೇ ಹೇಳಿ ಹೋದರು. ಯಜಮಾನರಿಗೆ ವಯಸ್ಸಾಗಿತ್ತು. ಒಂದು ಕಾಲದಲ್ಲಿ ತಾವೇ ಕೊಕ್ಕೆ ಹಿಡಿದು ತೊಟ್ಟಿ ಮುಂದೆ ನಿಂತು ಮೇಲೆ ಬಂದವರು. ಹೋರಾಡುವ ಶಕ್ತಿ ಇಲ್ಲ, ಪಾಸಾಗದಿದ್ದರೆ ಶೆಡ್ಡನ್ನು ಗೋಡೌನಿಗೆ ಬಾಡಿಗೆ ಕೊಟ್ಟುಬಿಡುತ್ತೇನೆ ಎಂದು ಎಲ್ಲರನ್ನೂ ನಿಲ್ಲಿಸಿಕೊಂಡು ಹೇಳಿದರು. ಅಂದಿನಿಂದ ಹೊಸ ಆರ್ಡರು ತೆಗೆದುಕೊಳ್ಳುವುದನ್ನೂ ನಿಲ್ಲಿಸಿದರು, ಹಳೇ ಗಿರಾಕಿಗಳ ಮಾಲು ಮಾತ್ರ ಓಡುತ್ತಿತ್ತು. ನಿಕ್ಕಲ್ ಸಾಲಿನಲ್ಲಿ ಕೆಲಸ ಮಾಡುತ್ತಿದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಆಗ ನಾನು ಯಜಮಾನರ ಹತ್ತಿರ ನನ್ನ ಬ್ಯಾಕ್ಟೀರಿಯಾಗಳ ಮಾತೆತ್ತಿದೆ. ಶೆಡ್ಡಿನ ಹಿಂದೆ, ಹಳೇ ಕಾಲದಲ್ಲಿ ನಿಕ್ಕಲ್ ನೀರು ಸೋರಿ ಸೋರಿ ಹುಲ್ಲೂ ಹುಟ್ಟದ ಒಂದು ಜಾಗವಿತ್ತು. ಅಂಥ ಮಣ್ಣಿನಲ್ಲೂ ಬದುಕಿದ್ದವನ್ನು ಹುಡುಕಿ ತಂದು ಬೆಳೆಸಿದೆ. ಅವಕ್ಕೂ ನಿಕ್ಕಲ್ ವಿಷವೇ, ಆದರೆ ವಿಷದ ಜೊತೆ ಬಾಳುವೆ ಮಾಡುವುದನ್ನು ಕಲಿತಿವೆ. ಅವುಗಳ ಮೈಗೋಡೆಯಲ್ಲೂ ಸುತ್ತಲಿನ ಲೋಳೆಯಲ್ಲೂ ಋಣ ವಿದ್ಯುತ್ತು, ನೀರಿನಲ್ಲಿ ಕರಗಿದ ಲೋಹದಲ್ಲಿ ಧನ ವಿದ್ಯುತ್ತು. ಹತ್ತಿರ ಬಂದರೆ ಅಂಟಿಕೊಳ್ಳುತ್ತವೆ. ಅದನ್ನೂ ದಾಟಿ ಒಳಗೆ ನುಗ್ಗಿದ್ದನ್ನು ಸುಮ್ಮನೆ ಅಲೆಯಲು ಬಿಡುವುದಿಲ್ಲ. ಕೆಲವು ತಮ್ಮ ಪ್ರೋಟೀನಿನಿಂದ ಕಟ್ಟಿಹಾಕುತ್ತವೆ, ಕೆಲವು ರಂಜಕದ ಸಣ್ಣ ಕಾಳುಗಳೊಳಗೆ ಸೇರಿಸಿ ಮೂಲೆಯಲ್ಲಿಡುತ್ತವೆ. ವಿಷವನ್ನು ತಿಂದು ಅರಗಿಸಿಕೊಳ್ಳುತ್ತವೆ ಎಂದು ಜನ ತಿಳಿಯುತ್ತಾರೆ. ಹಾಗೇನಿಲ್ಲ. ಲೋಹ ಎಲ್ಲಿಗೂ ಹೋಗುವುದಿಲ್ಲ, ನೀರಿನಲ್ಲಿದ್ದದ್ದು ಅವುಗಳ ಮೈಯಲ್ಲಿರುತ್ತದೆ, ಅಷ್ಟೇ. ಆಮೇಲೆ ಆ ಲೋಳೆಯನ್ನು ತೆಗೆದು ಡ್ರಮ್ಮಿಗೆ ತುಂಬಿ, ವಿಷದ ಕಸ ಒಯ್ಯುವ ಲಾರಿಗೆ ಒಪ್ಪಿಸಬೇಕು.

ಯಜಮಾನರು ಮೂಲೆಯಲ್ಲಿದ್ದ ಹಳೇ ತೊಟ್ಟಿಯೊಂದನ್ನು ನನಗೆ ಬಿಟ್ಟುಕೊಟ್ಟರು. ಬ್ಯಾಕ್ಟೀರಿಯಾ ಹಿಡಿದು ನಿಲ್ಲಲು ಏನಾದರೂ ಬೇಕಲ್ಲ, ಒಣಗಿದ ಹೀರೇಕಾಯಿಯ ನಾರನ್ನು ದಾರಕ್ಕೆ ಪೋಣಿಸಿ ಅದರೊಳಗೆ ಇಳಿಬಿಟ್ಟೆ. ಕೆಳಗಿಂದ ಗಾಳಿ, ಮೇಲಿಂದ ಬೆಲ್ಲದ ನೀರು, ಜೊತೆಗೆ ನಿಕ್ಕಲ್ ನೀರನ್ನು ಮೊದಲು ತೆಳುವಾಗಿ, ಆಮೇಲೆ ಸ್ವಲ್ಪ ಸ್ವಲ್ಪವೇ ಜಾಸ್ತಿ. ಮಳೆಗಾಲ ಮುಗಿಯುವ ಹೊತ್ತಿಗೆ ಹೀರೇನಾರಿನ ಮೇಲೆಲ್ಲ ಕಂದು ಬಣ್ಣದ ದಪ್ಪ ಲೋಳೆ ಕಟ್ಟಿತು. ವಾಸನೆಯೆಂದರೆ ವಾಸನೆ. ನನಗೆ ಮಾತ್ರ ಅದರಷ್ಟು ಚೆಂದದ ವಸ್ತು ಇಡೀ ಪೀಣ್ಯದಲ್ಲಿ ಇರಲಿಲ್ಲ.

ನಿಕ್ಕಲ್ ಸಾಲಿನ ಮೇಸ್ತ್ರಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. ಮೇಸ್ತ್ರಿ ಎಂದರೆ ತಮ್ಮ ಮದುವೆಗೆ ಮುಂಚಿನಿಂದಲೂ ಅದೇ ಸಾಲಿನಲ್ಲಿ ನಿಂತವರು, ತುಮಕೂರು ರಸ್ತೆಯ ಕಡೆಯ ಹಳ್ಳಿಯವರು, ಈಗ ಮಾದನಾಯಕನಹಳ್ಳಿಯಲ್ಲಿ ಸಂಸಾರ. ಬೆರಳಚ್ಚು ಬಿದ್ದ ಬೀಗವನ್ನೂ ವಾಪಸ್ ತೊಟ್ಟಿಗೆ ಹಾಕಿಸುವಂಥ ಚೊಕ್ಕಟದ ಮನುಷ್ಯ. ಲೋಳೆ ತೊಟ್ಟಿಯ ಪಕ್ಕ ಹಾಯುವಾಗ ಟವಲ್ಲನ್ನು ಮೂಗಿಗೆ ಹಿಡಿಯುತ್ತಿದ್ದರು, ಆದರೆ ಒಂದು ದಿನವೂ ಗೊಣಗಲಿಲ್ಲ. ಗೊಣಗಿದರೆ ನನ್ನ ಬಾಯಿಗೆ ಸಿಗಬೇಕಾಗುತ್ತದೆ ಎಂದು ಅವರಿಗೆ ಗೊತ್ತಿತ್ತು. ಶೆಡ್ಡಿನಿಂದ ಒಂದು ಹನಿ ರಾಡಿಯೂ ಮೋರಿಗೆ ಹೋಗಕೂಡದು ಎಂದು ನಾನು ಅಲ್ಲಿ ಎಲ್ಲರಿಗೂ ಎಷ್ಟು ಸಲ ಬೈದಿದ್ದೆನೋ ಲೆಕ್ಕವಿಲ್ಲ.

ಇಷ್ಟರಲ್ಲಿ ದಸರೆ ಬಂತು. ಪೀಣ್ಯದಲ್ಲಿ ಆಯುಧಪೂಜೆಗಿಂತ ದೊಡ್ಡ ಹಬ್ಬವಿಲ್ಲ. ಬೇರೆ ಹಬ್ಬಗಳಿಗೆ ಕೆಲಸದವರು ರಜೆ ಹಾಕುತ್ತಾರೆ, ಇದಕ್ಕೆ ಮಾತ್ರ ರಜೆಯಲ್ಲಿದ್ದವರೂ ಬರುತ್ತಾರೆ. ಹಿಂದಿನ ದಿನ ಯಂತ್ರಗಳನ್ನೆಲ್ಲ ನಿಲ್ಲಿಸಿ, ವರ್ಷದ ಗ್ರೀಸು ಕಿತ್ತುಬರುವ ತನಕ ತಿಕ್ಕಿ ತೊಳೆಯುತ್ತಾರೆ. ಮಾರನೇ ದಿನ ವಿಭೂತಿ, ಕುಂಕುಮ, ಬಾಳೆಕಂದು, ಬೂದುಗುಂಬಳ; ಆಮೇಲೆ ಎಲ್ಲರಿಗೂ ಕಡ್ಲೆಪುರಿ, ಸ್ವೀಟ್ ಬಾಕ್ಸು. ಆ ಹಿಂದಿನ ದಿನ ನಾನು ಕಾರ್ಖಾನೆಗೆ ಹೋಗಲಿಲ್ಲ. ನಮ್ಮ ಮನೆಯ ಬೋರ್‌ವೆಲ್ ಮೋಟಾರು, ಗ್ರೈಂಡರು, ಸ್ಕೂಟರು, ಅಮ್ಮನ ಈಳಿಗೆಮಣೆ, ಎಲ್ಲಕ್ಕೂ ಸ್ನಾನ ಮಾಡಿಸಬೇಕಾಗಿತ್ತು.

ಪೂಜೆಯ ದಿನ ರೇಷ್ಮೆ ಸೀರೆ ಉಟ್ಟು ಶೆಡ್ಡಿಗೆ ಕಾಲಿಟ್ಟೆ. ಎಲ್ಲರೂ ಸಾಲಾಗಿ ನಿಂತು ನನ್ನನ್ನೇ ನೋಡಿ ನಗುತ್ತಿದ್ದರು. ಏನೋ ಇದೆ ಎಂದುಕೊಂಡೆ. ಮೇಸ್ತ್ರಿ ಹೊಸ ಅಂಗಿ ತೊಟ್ಟು ಕೈಯಲ್ಲಿ ಆರತಿ ತಟ್ಟೆ ಹಿಡಿದು ಮುಂದೆ ಬಂದರು. "ಈ ವರ್ಸ ನಿಮ್ ತೊಟ್ಟಿಗೇ ಮೊದ್ಲು ಪೂಜೆ ಮೇಡಂ. ನಮ್ಗೋಸ್ಕರ ಅಷ್ಟು ಒದ್ದಾಡ್ತಿದೀರಿ."

ತಿರುಗಿ ನೋಡಿದೆ. ನನ್ನ ತೊಟ್ಟಿಯ ಎರಡೂ ಬದಿಗೆ ಬಾಳೆಕಂದು ಕಟ್ಟಿದ್ದರು. ಮೇಲೆ ಮಾವಿನ ತೋರಣ, ಹಣೆಗೆ ಮೂರು ಪಟ್ಟೆ ವಿಭೂತಿ, ನಡುವೆ ಕುಂಕುಮ, ಸೇವಂತಿಗೆ ಹಾರ. ಒಳಗೆ ಬಗ್ಗಿದೆ. ತೊಟ್ಟಿ ಪಳಪಳ ಹೊಳೆಯುತ್ತಿತ್ತು. ಲೋಳೆ ಇಲ್ಲ, ನಾರಿಲ್ಲ, ನೀರಿಲ್ಲ. ಬ್ಲೀಚಿಂಗ್ ಪೌಡರಿನ ವಾಸನೆ ಗಮ್ಮೆಂದು ಮೂಗಿಗೆ ಬಡಿಯಿತು. ತಳದಲ್ಲಿ ಒಂದು ನಿಂಬೆಹಣ್ಣು ಇಟ್ಟಿದ್ದರು.

ಮಂಗಳಾರತಿ ಎದುರಿಗಿತ್ತು. ಅದನ್ನು ಕಣ್ಣಿಗೊತ್ತಿಕೊಳ್ಳದೆ ಬೈಯುವಂತಿಲ್ಲ, ಒತ್ತಿಕೊಂಡ ಮೇಲೆ ಬೈಯಬಾರದು. ಒತ್ತಿಕೊಂಡೆ. ಕುಂಕುಮ ಇಟ್ಟುಕೊಂಡೆ. ಬೂದುಗುಂಬಳ ಒಡೆದರು, ಚಪ್ಪಾಳೆ ತಟ್ಟಿದೆ. ನನ್ನ ಜೀವಮಾನದಲ್ಲಿ ಅಷ್ಟು ಹೊತ್ತು ನಾನು ಬಾಯಿ ಮುಚ್ಚಿಕೊಂಡಿದ್ದದ್ದು ಅದೇ ಮೊದಲು. ಇವರೆಲ್ಲ ಮೂಗು ಮುಚ್ಚಿಕೊಂಡು ತೊಟ್ಟಿಗಿಳಿದು ತಿಕ್ಕಿದ್ದು ನನ್ನ ಮೇಲಿನ ಪ್ರೀತಿಗೆ ಎಂದು ತಿಳಿದೂ ಕೋಪ ಬರುತ್ತಿತ್ತು, ಕೋಪದ ಜೊತೆ ಅಳುವೂ ಬರುತ್ತಿತ್ತು. ಇಷ್ಟು ತಿಂಗಳು ಪಟ್ಟ ಪಾಡು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತಲ್ಲ ಎಂದು ಒಳಗೊಳಗೇ ಕುದಿಯುತ್ತಾ ಕಡ್ಲೆಪುರಿ ತಿಂದೆ.

ಹೋಗಲಿ, ಆ ಲೋಳೆಯಲ್ಲೇ ಒಂದು ಬಾಟಲಿ ಮೊದಲೇ ತೆಗೆದಿಟ್ಟಿದ್ದೇನಲ್ಲ ಎಂಬ ಧೈರ್ಯವಿತ್ತು. ಮೆಟ್ಟಿಲು ಹತ್ತಿ ಹೋಗಿ ಆಫೀಸಿನ ಫ್ರಿಡ್ಜು ತೆಗೆದೆ. ಫ್ರಿಡ್ಜೂ ಯಂತ್ರವೇ ತಾನೇ. ಅದನ್ನೂ ತೊಳೆದು, ಒರೆಸಿ, ಕುಂಕುಮ ಇಟ್ಟಿದ್ದರು. ನಾತ ಹೊಡೆಯುತ್ತಿದ್ದ ಯಾವುದೋ ಬಾಟಲಿಯನ್ನು ಬ್ಲೀಚಿಂಗ್ ಹಾಕಿ ತೊಳೆದು, ಅದರಲ್ಲಿ ಹೂವು ಇಟ್ಟಿದ್ದರು. ಹೊಸದಾಗಿ ಮಣ್ಣಿನಿಂದ ಹಿಡಿಯೋಣವೆಂದರೆ ಶೆಡ್ಡಿನ ಹಿಂದಿನ ಆ ಜಾಗಕ್ಕೆ ಈಗ ಕಾಂಕ್ರೀಟು ಬಿದ್ದಿತ್ತು. ದೀಪಾವಳಿಯಾದರೋ ಕಣ್ಣಿನ ಮುಂದೆಯೇ ಇತ್ತು.

ಕೆಳಗಿಳಿದು ಬಂದು ಮೇಸ್ತ್ರಿಯನ್ನು ಪಕ್ಕಕ್ಕೆ ಕರೆದೆ. ಬೈಯಬೇಕೆಂದೇ ಕರೆದದ್ದು, ಆದರೆ ಬಾಯಿಗೆ ಬಂದದ್ದು ಬೈಗುಳವಲ್ಲ. "ನೀವು ತೊಳ್ದಿದ್ದು ಕೊಳೆ ಅಲ್ಲ ಮೇಸ್ತ್ರಿ. ಅವೇ ಕೆಲ್ಸಗಾರರು. ನೀರಲ್ಲಿರೋ ನಿಕ್ಕಲ್ ಹಿಡಿದು ತಮ್ಮ ಮೈಯಲ್ಲಿ ಇಟ್ಕೊಳ್ಳೋದು ಅವೇ."

ಅವರ ಮುಖ ಇಳಿದದ್ದನ್ನು ನಾನು ಈಗಲೂ ಮರೆತಿಲ್ಲ. ಹಣೆಯ ವಿಭೂತಿಯೂ ಮುಖವೂ ಒಂದೇ ಬಣ್ಣವಾದವು. ಗಾಳಿ ಬಿಡುವ ತೊಟ್ಟಿ ಅಷ್ಟೇ ಅಂತ ತಿಳಿದಿದ್ದೆವು, ಕೊಳೆ ಕಟ್ಟಿದೆ, ಹಬ್ಬದ ದಿನ ಹಾಗಿರಬಾರದು ಅಂತ ಕೈ ಹಾಕಿದೆವು ಎಂದರು. ನಾನು ಅವರಿಗೆಲ್ಲ ಮೋರಿಯ ವಿಷಯ ಬೈದಷ್ಟರಲ್ಲಿ ಒಂದು ಪಾಲು ತೊಟ್ಟಿಯ ವಿಷಯ ವಿವರಿಸಿದ್ದರೆ ಸಾಕಿತ್ತು. ಹೋದದ್ದು ಹೋಯಿತು, ಆ ಲೋಳೆಯನ್ನು ಯಾವ ಮೋರಿಗೆ ಸುರಿದಿರಿ ಎಂದು ಕೇಳಿದೆ. ಅವರಿಗೆ ಅವಮಾನವಾದಂತಾಯಿತು. "ಮೋರೀಗಾ? ನಿಮ್ ಬಾಯಿಗೆ ಎದರ್ಕೊಂಡು ಯಾರ್ ಆಕ್ತಾರೆ ಮೇಡಂ? ಮೊದ್ಲು ಕೆರೆದು ಡ್ರಮ್ಮಿಗೆ ತುಂಬುದ್ವಿ. ಆಮ್ಯಾಕೆ ಬ್ಲೀಚಿಂಗು."

ರೇಷ್ಮೆ ಸೀರೆ ಎತ್ತಿ ಕಟ್ಟಿ, ಕಸದ ಡ್ರಮ್ಮುಗಳನ್ನಿಡುವ ಹಿಂದಿನ ಶೆಡ್ಡಿಗೆ ಓಡಿದೆ. ಹಬ್ಬವೆಂದು ಲಾರಿ ಬಂದಿರಲಿಲ್ಲ, ಡ್ರಮ್ಮು ಅಲ್ಲೇ ಇತ್ತು. ಮುಚ್ಚಳ ತೆಗೆದ ಕೂಡಲೇ ಹೊಡೆದ ನಾತಕ್ಕೆ ಹಿಂದೆ ಬಂದಿದ್ದವರೆಲ್ಲ ಚದುರಿಹೋದರು. ನನಗೆ ಮಾತ್ರ ಹೋದ ಜೀವ ಬಂದಂತಾಯಿತು. ಹೀರೇನಾರು, ಅದರ ಮೇಲೆ ಲೋಳೆ, ಅದರೊಳಗೆ ಅರ್ಧಂಬರ್ಧ ಬದುಕಿದ್ದ ನನ್ನ ಪರಿವಾರ. ಅಲ್ಲೇ ನಿಂತು ನಕ್ಕೆ. ಮೇಸ್ತ್ರಿ ಮೂಗಿಗೆ ಹಿಡಿದಿದ್ದ ಟವಲ್ಲು ತೆಗೆದು ತಾವೂ ಒಮ್ಮೆ ಡ್ರಮ್ಮಿನೊಳಗೆ ಬಗ್ಗಿ ನೋಡಿದರು.

ಅಲ್ಲಿಂದ ಶುರುವಾಯಿತು ಬಾಣಂತನ. ಬ್ಲೀಚಿಂಗಿನ ಸುಳಿವೂ ಉಳಿಯದಂತೆ ತೊಟ್ಟಿಯನ್ನು ಬರಿ ನೀರಿನಲ್ಲಿ ತೊಳೆದು ಬಿಸಿಲಿಗೆ ಒಣಗಿಸಿದೆವು. ಹೊಸ ಹೀರೇನಾರು ಇಳಿಬಿಟ್ಟು, ಡ್ರಮ್ಮಿನಿಂದ ಆರಿಸಿ ತೆಗೆದ ಲೋಳೆಯನ್ನು ಅದರೊಳಗೆ ಬಿಟ್ಟು, ಗಾಳಿ ಹರಿಸಿದೆವು. ನಿಕ್ಕಲ್ ನೀರನ್ನು ಸದ್ಯಕ್ಕೆ ತೋರಿಸುವಂತಿರಲಿಲ್ಲ, ಅವು ಮೊದಲು ಚೇತರಿಸಿಕೊಂಡು ಹೆಚ್ಚಬೇಕಿತ್ತು. ಬೆಲ್ಲದ ನೀರು ಹಾಕುವ ಹೊಣೆಯನ್ನು ಮೇಸ್ತ್ರಿ ತಾವಾಗಿಯೇ ಹೊತ್ತುಕೊಂಡರು. ಮನೆಯಲ್ಲಿ ಅಮ್ಮನಿಗೆ ಹೇಳಿದರೆ ಎಳೇ ಹುಳಗಳಿಗೆ ಬೆಲ್ಲ ಹಾಕಿದರೆ ಬೇದಿಯಾಗುವುದಿಲ್ಲವೇ ಎಂದು ಕೇಳಿದಳು.

ಅವಳ ಬಾಯಿಗೆ ಸಕ್ಕರೆ ಹಾಕಬೇಕು. ಒಂದು ಬೆಳಗ್ಗೆ ಬಂದು ನೋಡಿದರೆ ತೊಟ್ಟಿಯಿಂದ ನೊರೆ ಉಕ್ಕಿ, ಕೆಳಗಿಳಿದು, ಪ್ಯಾಕಿಂಗ್ ಟೇಬಲ್ಲಿನ ತನಕ ಹರಿದಿತ್ತು. ಹುಳಿ ವಾಸನೆ ಬೇರೆ. ಯಾರು ಏನು ಹಾಕಿದಿರಿ ಎಂದು ನಿಲ್ಲಿಸಿ ಕೇಳಿದೆ. ಮೇಸ್ತ್ರಿ ನಾನು ಹೇಳಿದ ಅಳತೆಯಲ್ಲೇ ಹಾಕಿದ್ದರು. ಆದರೆ ಪಾಪದ ಜೀವಗಳು, ನಮ್ಮಿಂದಲೇ ಸಾಯುವಂತಾಯಿತು ಎಂದು ಪ್ಯಾಕಿಂಗಿನ ಅಕ್ಕ ಮನೆಯಿಂದ ಅಕ್ಕಿ ತೊಳೆದ ನೀರು ತಂದು ಸುರಿದಿದ್ದಳು. ಉಜ್ಜುವವರು ಮುದ್ದೆ ಕಿವುಚಿ ಹಾಕಿದ್ದರು. ಗೇಟಿನವರು ಮಿಕ್ಕ ಟೀ. ಒಬ್ಬರು ಹಾಕಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲ. ಅತಿಯಾದರೆ ಅಮೃತವೂ ವಿಷ ಎನ್ನುವುದನ್ನು ನಿಕ್ಕಲ್ ನುಂಗುವ ಜೀವಿಗಳ ಮೇಲೆ ಪ್ರಯೋಗ ಮಾಡಿ ನೋಡುತ್ತಿದ್ದೀರಾ ಎಂದು ಬಾಯಿಗೆ ಬಂದಂತೆ ಬೈದೆ. ಹಿಂದೆ ನಿಂತಿದ್ದ ಯಜಮಾನರು ಎಲ್ಲರಿಗಿಂತ ಜೋರಾಗಿ ತಲೆಯಾಡಿಸುತ್ತಿದ್ದರು. ಅವರ ಬಿಳಿ ಅಂಗಿಯ ಜೇಬಿನ ಮೇಲೆ ಬೆಲ್ಲದ ಕಲೆ ಕಂಡಿತು. ಕಂಡರೂ ಕಾಣದಂತೆ ಸುಮ್ಮನಾದೆ.

ಅರ್ಧ ನೀರು ಬದಲಾಯಿಸಿ, ಗಾಳಿ ಹೆಚ್ಚಿಸಿದ ಮೇಲೆ ತೊಟ್ಟಿ ಹದಕ್ಕೆ ಬಂತು. ಆಮೇಲೆ ನಿಕ್ಕಲ್ ನೀರನ್ನು ಅಷ್ಟಷ್ಟೇ ಪರಿಚಯಿಸಿದೆ. ದಿನಾ ಬೆಳಗ್ಗೆ ಮೇಸ್ತ್ರಿ ಕೈಗವಸು ಹಾಕಿಕೊಂಡು ನಾರನ್ನು ಬೆರಳಿನಿಂದ ಮುಟ್ಟಿ ನೋಡುತ್ತಿದ್ದರು. ಮೊದಲೆಲ್ಲ ತಲೆ ಅಲ್ಲಾಡಿಸಿ ವಾಪಸ್ ಬರುತ್ತಿದ್ದರು. ಒಂದು ದಿನ, ಜಾರುತ್ತಿದೆ ಎಂದು ಓಡಿ ಬಂದು ಹೇಳಿದರು. ಆಯಸ್ಸಿಡೀ ಕೊಳೆಯ ಮೇಲೆ ಹಗೆ ಸಾಧಿಸಿದ ಮನುಷ್ಯ, ಲೋಳೆ ಕಟ್ಟಿತೆಂದು ಗೇಟಿನವರಿಗೂ ಟೀ ಕೊಡಿಸಿದರು. ಆದರೂ ಆ ದಿನಗಳಲ್ಲಿ ಅವರ ಮಾತು ಬಹಳ ಕಡಿಮೆಯಾಗಿತ್ತು. ಊಟದ ಡಬ್ಬಿ ಅರ್ಧ ತಿಂದು ಮುಚ್ಚುತ್ತಿದ್ದರು. ನನ್ನ ಭಯವಿರಬೇಕು ಎಂದುಕೊಂಡು, ಅವರಿದ್ದಾಗ ನಾನು ದನಿ ತಗ್ಗಿಸಿ ಮಾತಾಡಲು ಶುರುಮಾಡಿದೆ. ಅದು ನನಗೆ ಎಷ್ಟು ಕಷ್ಟದ ಕೆಲಸವೆಂದು ಅಮ್ಮನನ್ನು ಕೇಳಬೇಕು.

ದೀಪಾವಳಿಯ ಪಟಾಕಿ ಹೊಗೆ ಇಳಿಯುವಷ್ಟರಲ್ಲಿ ತಪಾಸಣೆಯವರು ಬಂದರು. ನಿಕ್ಕಲ್ ಸಾಲು ಪೂರ್ತಿ ಓಡುತ್ತಿರುವಾಗಲೇ, ನನ್ನ ತೊಟ್ಟಿಯಿಂದ ಹೊರಬರುವ ಕೊಳವೆಗೆ ಬಾಟಲಿ ಹಿಡಿದು ನೀರು ತುಂಬಿಕೊಂಡರು, ಮುದ್ರೆ ಹಾಕಿದರು, ಹೋದರು. ನಮ್ಮ ಕೈಯಲ್ಲಿ ಇನ್ನು ಏನೂ ಇರಲಿಲ್ಲ. ಉತ್ತರ ಬರುವ ತನಕ ಶೆಡ್ಡಿನಲ್ಲಿ ಯಾರೂ ಆ ವಿಷಯ ಎತ್ತಲಿಲ್ಲ. ಎತ್ತಿದರೆ ಎಲ್ಲಿ ಕೆಟ್ಟುಹೋಗುತ್ತದೋ ಎಂಬಂತೆ ಕ್ರಿಕೆಟ್ಟು, ಟ್ರಾಫಿಕ್ಕು, ಈರುಳ್ಳಿ ಬೆಲೆ ಎಂದು ಏನೇನೋ ಮಾತಾಡುತ್ತಿದ್ದೆವು. ಯಜಮಾನರ ಆಫೀಸಿನಲ್ಲಿ ಫೋನು ಬಡಿದುಕೊಂಡಾಗಲೆಲ್ಲ ಕೆಳಗೆ ಕೊಕ್ಕೆಗಳ ಸದ್ದು ನಿಲ್ಲುತ್ತಿತ್ತು.

ಒಂದು ಮಧ್ಯಾಹ್ನ ಊಟ ಮುಗಿಸಿ ಎಲ್ಲರೂ ಏಳುತ್ತಿರುವಾಗ ಯಜಮಾನರು ಮೆಟ್ಟಿಲಿಳಿದು ಬಂದರು. ಮುಖ ನೋಡಿದರೆ ಏನೂ ತಿಳಿಯುತ್ತಿರಲಿಲ್ಲ. ನೇರ ನಿಕ್ಕಲ್ ತೊಟ್ಟಿಯ ಹತ್ತಿರ ಹೋಗಿ, ಗೋಡೆಯಲ್ಲಿ ನೇತುಬಿದ್ದಿದ್ದ ಖಾಲಿ ಕೊಕ್ಕೆಯೊಂದನ್ನು ಕೈಗೆ ತೆಗೆದುಕೊಂಡು ಅದನ್ನೇ ನೋಡುತ್ತಾ ನಿಂತರು. ಆಮೇಲೆ ಯಾರಿಗೂ ಅಲ್ಲವೆಂಬಂತೆ ಹೇಳಿದರು. "ಬೀಗದ ಕಂಪ್ನಿಯೋರ ಹೊಸ ಆರ್ಡರಿಗೆ ಹೂಂ ಅಂದ್ಬಿಟ್ಟೆ. ನಾಳೆಯಿಂದ ಮಾಲ್ ಬರತ್ತೆ."

ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಎದ್ದ ಗದ್ದಲ ಏನು ಹೇಳಲಿ. ಉಜ್ಜುವವರು ಶಿಳ್ಳೆ ಹೊಡೆದರು, ಪ್ಯಾಕಿಂಗಿನ ಅಕ್ಕ ನನ್ನ ಎರಡೂ ಕೆನ್ನೆ ಹಿಡಿದು ನೆಟಿಗೆ ಮುರಿದಳು, ಗೇಟಿನವರು ಗೇಟು ಬಿಟ್ಟು ಒಳಗೆ ಬಂದರು. ನಾನು ನಗುತ್ತಿದ್ದೆನೋ ಅಳುತ್ತಿದ್ದೆನೋ ನನಗೇ ಗೊತ್ತಿಲ್ಲ. ನನ್ನ ಲೋಳೆ ಪಾಸಾಗಿತ್ತು.

ಮೇಸ್ತ್ರಿ ಮಾತ್ರ ಕಾಣಲಿಲ್ಲ. ಹುಡುಕಿಕೊಂಡು ಹೋದರೆ ತೊಟ್ಟಿಯ ಹಿಂದೆ ಬೋರಲು ಹಾಕಿದ್ದ ಬಕೆಟ್ಟಿನ ಮೇಲೆ ಕೂತಿದ್ದರು. ಕೈಗವಸು ತೆಗೆದು ತೊಡೆಯ ಮೇಲಿಟ್ಟುಕೊಂಡಿದ್ದರು. ಇನ್ನಾದರೂ ನೆಮ್ಮದಿಯಾಗಿ ಊಟ ಮಾಡಿ, ಇನ್ನು ಬೈಯುವುದಿಲ್ಲ ಎಂದು ಹಾಸ್ಯ ಮಾಡಲು ಬಾಯಿ ತೆರೆದೆ. ಅವರು ತಲೆಯೆತ್ತಲಿಲ್ಲ.

"ಮನೇಲಿ ಯೋಳೇ ಇರ್ಲಿಲ್ಲ ಮೇಡಂ," ಎಂದರು. "ಸಾಲು ಮುಚ್ತದೆ ಅಂತ ಬೇಸ್ಗೇಲಿ ಅಂದ್ರಲ್ಲ, ಆವತ್ನಿಂದ ಯಾರ್ಗೂ ಯೋಳಿಲ್ಲ. ಮಗ್ಳು ಓದ್ತಾವ್ಳೆ. ಅವ್ಳವ್ವಂಗೆ ಎದೆ ಒಡ್ದೋಗ್ತದೆ ಅಂತ ಒಬ್ನೇ ಇಟ್ಕಂಡಿದ್ದೆ. ಅದ್ರ ಮ್ಯಾಲೆ ತೊಟ್ಟೀನೂ ನಾನೇ ತೊಳ್ದುಬಿಟ್ಟೆ."

ನಾನೂ ಒಂದು ಬಕೆಟ್ಟು ಬೋರಲು ಹಾಕಿ ಪಕ್ಕದಲ್ಲಿ ಕೂತೆ. ಅವರು ಫೋನು ತೆಗೆದು ಮನೆಗೆ ಮಾಡಿದರು. ತೊಟ್ಟಿಗೆ ಗಾಳಿ ಬಿಡುವ ಬ್ಲೋವರಿನ ಸದ್ದಿಗೆ ಕೇಳಿಸುವುದಿಲ್ಲವೆಂದು ಸ್ಪೀಕರಿಗೆ ಹಾಕಿದ್ದರು. ಆ ಕಡೆಯಿಂದ ಹೆಂಡತಿ, ಈ ಹೊತ್ತಿನಲ್ಲಿ ಯಾಕೆ ಫೋನು, ಏನಾಯಿತು ಎಂದು ಕೇಳಿದರು. ಇವರಿಗೆ ಎಲ್ಲಿಂದ ಶುರುಮಾಡುವುದೆಂದು ತಿಳಿಯಲಿಲ್ಲ.

"ಏನಿಲ್ಲ ಕಣಮ್ಮಿ," ಎಂದರು. "ಕೆಲ್ಸ ಐತೆ."

"ಕೆಲ್ಸ ಐತೆ ಅಂತ ಯೋಳಕ್ಕೆ ಫೋನ್ ಮಾಡುದ್ರಾ? ಇಲ್ದೆ ಎಲ್ಲೋಯ್ತದೆ ನಿಮ್ ಕೆಲ್ಸ? ಬರ್ತಾ ಒಂದ್ ಕಟ್ಟು ಕೊತ್ಮಿರಿ ತನ್ನಿ."

ಮೇಸ್ತ್ರಿ ಮೊಣಕೈಯಿಂದ ಕಣ್ಣೊರೆಸಿಕೊಂಡರು. "ತತ್ತೀನಿ," ಎಂದರು. "ಎರಡು ಕಟ್ಟು ತತ್ತೀನಿ."